ಸುರುಳಿ ಸರಿದರೆ ಮಾತ್ರ ಚಿತ್ರ

ಮನೆಯ ಹಿರಿಯರು ತೀರಿಕೊಂಡ ದಿನ ಫೋಟೋದವರನ್ನು ಕರೆಸುವ ರೂಢಿ ಬೀದರ್ ಸೀಮೆಯಲ್ಲಿ ಬಹುಕಾಲ ಇತ್ತು. ಲಿಂಗಾಯತರಲ್ಲಿ ದೇಹವನ್ನು ಕುಳ್ಳಿರಿಸಿ, ವಿಭೂತಿ ಹಚ್ಚಿ, ಹೂಮಾಲೆ ಹಾಕಿ, ಸುತ್ತಲೂ ಮಕ್ಕಳು ಮೊಮ್ಮಕ್ಕಳು ನಿಂತು ತೆಗೆಸಿದ ಕಪ್ಪು-ಬಿಳುಪಿನ ಚಿತ್ರವೇ ಎಷ್ಟೋ ಮನೆಗಳಲ್ಲಿ ಆ ಹಿರಿಯರ ಮೊದಲ ಮತ್ತು ಕೊನೆಯ ಚಿತ್ರ. ಭಾಲ್ಕಿ, ಔರಾದ್ ತಾಲ್ಲೂಕುಗಳ ಹಳ್ಳಿಗೆ ಕ್ಯಾಮೆರಾ ಹೊತ್ತು ಹೋದ ಛಾಯಾಗ್ರಾಹಕನಿಗೆ ಎರಡನೆಯ ಅವಕಾಶ ಇರುತ್ತಿರಲಿಲ್ಲ. ಕ್ಯಾಮೆರಾದೊಳಗೆ ಫಿಲ್ಮ್ ಒಂದಿಷ್ಟು ಕಡಿಮೆ ಸರಿದರೂ ಸಾಕು, ಒಂದು ಚಿತ್ರದ ಅಂಚು ಮತ್ತೊಂದರ ಮೇಲೆ ಏರಿ, ಮಗನ ಮುಖದ ಮೇಲೆ ತಂದೆಯ ಹೂಮಾಲೆ ಬೀಳುತ್ತಿತ್ತು. ಅದು ತಿಳಿಯುವುದು ಕತ್ತಲೆ ಕೋಣೆಯಲ್ಲಿ. ಅಷ್ಟರಲ್ಲಿ ಮಣ್ಣು ಮುಗಿದಿರುತ್ತಿತ್ತು.

ಈ ತಾಪತ್ರಯ ಮೊದಲು ಇರಲೇ ಇಲ್ಲ. ಬೀದರ್ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿದ್ದ ಲಾಲಾ ದೀನದಯಾಳ್ (1844–1905) ಅವರು ಬಳಸಿದ್ದು ಗಾಜಿನ ಫಲಕಗಳನ್ನು. ಒಂದು ಫಲಕಕ್ಕೆ ಒಂದೇ ಚಿತ್ರ. ಭಾರ ಹೆಚ್ಚು, ಒಡೆಯುವ ಭಯ ಬೇರೆ. ಆದರೆ ಸುತ್ತಬೇಕಾದ್ದು ಏನೂ ಇಲ್ಲ. 1888ರಲ್ಲಿ ಅಮೆರಿಕದ ಈಸ್ಟ್‌ಮನ್ ತಮ್ಮ ಮೊದಲ ಕೊಡಕ್ ಕ್ಯಾಮೆರಾದಲ್ಲಿ ನೂರು ಚಿತ್ರಗಳ ಸುರುಳಿಯನ್ನು ತುಂಬಿ ಕೊಟ್ಟಾಗ ಹೊಸ ಪ್ರಶ್ನೆ ಹುಟ್ಟಿತು: ಪ್ರತಿ ಚಿತ್ರದ ನಂತರ ಸುರುಳಿಯನ್ನು ಎಷ್ಟು ಸರಿಸಬೇಕು?

1901ರಲ್ಲಿ ಬ್ರೌನಿ ಡಬ್ಬಾ ಕ್ಯಾಮೆರಾಕ್ಕಾಗಿ ಬಂದ 120 ಸಂಖ್ಯೆಯ ಫಿಲ್ಮ್ ಸರಳವಾದ ಉತ್ತರ ಹಿಡಿಯಿತು. ಫಿಲ್ಮಿನ ಬೆನ್ನಿಗೆ ಉದ್ದನೆಯ ಕಾಗದ, ಕಾಗದದ ಮೇಲೆ ಅಂಕೆಗಳು, ಕ್ಯಾಮೆರಾದ ಹಿಂಬದಿಗೆ ಪುಟ್ಟ ಕೆಂಪು ಕಿಟಕಿ. ಕಿಟಕಿಯಲ್ಲಿ ಮುಂದಿನ ಅಂಕೆ ಕಾಣುವವರೆಗೆ ತಿರುಪು ತಿರುಗಿಸಿದರಾಯಿತು. ಬರೋಡಾದಲ್ಲಿ ತಯಾರಾಗಿ ದೇಶದ ಮನೆಮನೆ ಸೇರಿದ ಅಗ್ಫಾ ಕ್ಲಿಕ್-3 ಕ್ಯಾಮೆರಾದಲ್ಲಿಯೂ ಇದೇ ಏರ್ಪಾಡು. ಕಿಟಕಿ ಕೆಂಪಾಗಿದ್ದದ್ದು ಅಂದಕ್ಕಲ್ಲ. ಆರಂಭದ ಫಿಲ್ಮುಗಳಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ. ಎಲ್ಲ ಬಣ್ಣವನ್ನೂ ಗ್ರಹಿಸುವ ಫಿಲ್ಮ್ ಬಂದ ಮೇಲೆ ಆ ರಕ್ಷಣೆ ಹೋಯಿತು. ಬೀದರ್‌ನ ಏಪ್ರಿಲ್ ಬಿಸಿಲಿನಲ್ಲಿ ಕಿಟಕಿಯನ್ನು ಅಂಗೈಯಿಂದ ಮರೆಮಾಡಿಕೊಂಡೇ ಫಿಲ್ಮ್ ಸುತ್ತುವುದು ಜಾಣತನ.

ಸ್ಟುಡಿಯೋದವರಿಗೆ ಮಾತ್ರ ಅಂಕೆ ನೋಡುತ್ತ ಕೂರಲು ಪುರಸೊತ್ತಿಲ್ಲ. ಅವರ ನೆಚ್ಚಿನದು ಎರಡು ಲೆನ್ಸಿನ ಕ್ಯಾಮೆರಾ. ಜರ್ಮನಿಯ ರೋಲೈಫ್ಲೆಕ್ಸ್ 1929ರಲ್ಲಿ ಬಂತು. 1932ರ ಮಾದರಿಗೆ ಹಿಡಿಕೆ ಕೂಡಿತು. 1937ರ ಆಟೋಮ್ಯಾಟ್‌ನಲ್ಲಿ ಕೆಂಪು ಕಿಟಕಿಯೇ ಮಾಯ. ಕಾಗದಕ್ಕೆ ಫಿಲ್ಮ್ ಅಂಟಿಸಿದ ಜಾಗದಲ್ಲಿ ದಪ್ಪ ಹೆಚ್ಚುತ್ತದಲ್ಲ, ಎರಡು ಉರುಳೆಗಳು ಆ ದಪ್ಪವನ್ನು ಮುಟ್ಟಿ ತಿಳಿದು ಎಣಿಕೆ ಶುರು ಮಾಡುತ್ತವೆ. ನಂತರ ಅಗ್ಗದ ದರದಲ್ಲಿ ಬಂದ ಜಪಾನಿನ ಯಾಶಿಕಾಗಳಲ್ಲಿ ಇಷ್ಟು ಜಾಣ್ಮೆ ಇಲ್ಲ. ಕಾಗದದ ಬಾಣವನ್ನು ಒಳಗಿನ ಗುರುತಿಗೆ ಕೂಡಿಸಿ ಮುಚ್ಚಳ ಹಾಕಬೇಕು, ಆಮೇಲಿನ ಲೆಕ್ಕ ಯಂತ್ರದ್ದು. ಬಾಣ ತಪ್ಪಿ ಕೂತರೆ ಮೊದಲ ಚಿತ್ರವೋ ಕೊನೆಯದೋ ಕೈಬಿಟ್ಟಿತೆಂದೇ ಲೆಕ್ಕ. ಅದು ಕೆಟ್ಟ ಯಂತ್ರದ ತಪ್ಪಲ್ಲ, ಅವಸರದ ತಪ್ಪು.

ಲೆಕ್ಕವಾದರೂ ಸುಲಭದ್ದಲ್ಲ. ನೂಲಿನ ಉಂಡೆ ದೊಡ್ಡದಾದಂತೆ ಒಂದು ಸುತ್ತಿಗೆ ಹಿಡಿಯುವ ನೂಲು ಹೆಚ್ಚುತ್ತದೆ. ಕ್ಯಾಮೆರಾದ ಖಾಲಿ ಗಾಲಿಯ ಮೇಲೆ ಫಿಲ್ಮ್ ಮತ್ತು ಕಾಗದ ಸುತ್ತಿಕೊಳ್ಳುವಾಗಲೂ ಹಾಗೆಯೇ. ಮೊದಲ ಚಿತ್ರಕ್ಕೆ ಬೇಕಾದಷ್ಟು ತಿರುವು ಹನ್ನೆರಡನೆಯದಕ್ಕೆ ಬೇಡ. ಆದ್ದರಿಂದ ಯಂತ್ರವು ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಬೇಗ ನಿಲ್ಲಬೇಕು. ನಿಲ್ಲಿಸುವುದು ಹಲ್ಲುಚಕ್ರದ ಸಂದಿಗೆ ಬೀಳುವ ಉಗುರಿನಷ್ಟು ಚಿಕ್ಕ ಉಕ್ಕಿನ ನಾಲಿಗೆ; ಅದನ್ನು ಒತ್ತಿ ಹಿಡಿಯುವುದು ಕೂದಲಿನಂಥ ಸ್ಪ್ರಿಂಗು.

ಕೆಡುವುದೂ ಇಲ್ಲಿಯೇ. ಬಹುಪಾಲು ಕ್ಯಾಮೆರಾಗಳಲ್ಲಿ ಮುರಿದದ್ದು ಏನೂ ಇರುವುದಿಲ್ಲ. ಹಳೆಯ ಗ್ರೀಸು ವರ್ಷಗಳ ಧೂಳಿನೊಂದಿಗೆ ಬೆರೆತು ಅಂಟಾಗಿ, ನಾಲಿಗೆ ಬೀಳಬೇಕಾದ ಹೊತ್ತಿಗೆ ಬೀಳದೆ ಹೋಗುತ್ತದೆ. ಹಿಡಿಕೆ ನಿಲ್ಲದೆ ತಿರುಗುತ್ತದೆ, ಇಲ್ಲವೆ ಅರ್ಧಕ್ಕೇ ಬಿಗಿಯುತ್ತದೆ. ಬಿಗಿದಾಗ ಬಲ ಹಾಕುವುದೇ ದೊಡ್ಡ ಅನಾಹುತ. ಯಾಶಿಕಾ-ಮ್ಯಾಟ್‌ನಂಥ ಮಾದರಿಯಲ್ಲಿ ಅದೇ ಹಿಡಿಕೆ ಶಟರನ್ನೂ ಎಳೆಯುವುದರಿಂದ ಒಂದು ಕೆಟ್ಟದ್ದು ಎರಡಾಗುತ್ತದೆ. ಬಲ್ಲ ರಿಪೇರಿಯವರು ಪಕ್ಕದ ಚರ್ಮದ ಹೊದಿಕೆಯನ್ನು ಹರಿಯದಂತೆ ಎಬ್ಬಿಸಿ, ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಜೋಡಿಸಿಟ್ಟು, ಚಕ್ರಗಳನ್ನು ಪೆಟ್ರೋಲಿನಲ್ಲಿ ತೊಳೆದು, ಸೂಜಿಯ ತುದಿಯಷ್ಟೇ ಎಣ್ಣೆ ಮುಟ್ಟಿಸುತ್ತಾರೆ. ಎಣ್ಣೆ ಹೆಚ್ಚಾದರೆ ಅದು ಹರಿದು ಶಟರಿನ ಎಲೆಗಳಿಗೆ ಅಂಟುತ್ತದೆ. ಹಲ್ಲು ಸವೆದಿದ್ದರೆ ಮಾತ್ರ ಅದೇ ಮಾದರಿಯ ಇನ್ನೊಂದು ಸತ್ತ ಕ್ಯಾಮೆರಾ ಹುಡುಕಬೇಕು. ಕೊನೆಗೆ ಒಂದು ರೋಲ್ ಹಾಕಿ ತೊಳೆದು, ಚಿತ್ರ ಚಿತ್ರದ ನಡುವಿನ ಅಂತರವನ್ನು ಅಳತೆಪಟ್ಟಿಯಿಂದ ನೋಡುತ್ತಾರೆ. ಅಂತರ ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯಾದರೆ ಕೆಲಸ ಮತ್ತೆ ಮೊದಲಿನಿಂದ.

ಬೀದರ್ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತಾದರೂ ಇಂಥ ಕೆಲಸಕ್ಕೆ ಹತ್ತಿರದ ದೊಡ್ಡ ಊರು ಹೈದರಾಬಾದೇ. ಅದು ಸುಮಾರು 140 ಕಿ.ಮೀ. ದೂರ, ಬೆಂಗಳೂರು 650 ಕಿ.ಮೀ.ಗೂ ಹೆಚ್ಚು. ಔರಾದ್‌ನಿಂದ ಹೊರಟವರಿಗೆ ಬೀದರ್‌ವರೆಗಿನ 40 ಕಿ.ಮೀ. ಬೇರೆ. ಒಂದೇ ಕ್ಯಾಮೆರಾ ನೆಚ್ಚಿಕೊಂಡ ಸ್ಟುಡಿಯೋಗೆ ಮದುವೆಯ ಸುಗ್ಗಿಯಲ್ಲಿ ಅದು ರಿಪೇರಿಗೆ ಹೋಯಿತೆಂದರೆ ಗಳಿಕೆ ನಿಂತಂತೆ.

ಮುಂದೆ 35 ಮಿ.ಮೀ. ಕಲರ್ ರೋಲ್ ಬಂತು, ಡಿಜಿಟಲ್ ಬಂತು. ಯಾಶಿಕಾ-ಮ್ಯಾಟ್ 124ಜಿ ತಯಾರಿಕೆ 1986ರಲ್ಲಿ ನಿಂತಿತು. ‘ಇಂದು’ ಹೆಸರಿನ ಫಿಲ್ಮ್ ಕೊಡುತ್ತಿದ್ದ, 1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕೂಡ ಬಾಗಿಲು ಹಾಕಿತು. 120 ಫಿಲ್ಮ್ ಮಾತ್ರ ವಿದೇಶದಲ್ಲಿ ಇನ್ನೂ ತಯಾರಾಗುತ್ತಿದೆ. ಅಟ್ಟದ ಮೇಲಿನ ಕ್ಯಾಮೆರಾ ಇಳಿಸಿ ಅದನ್ನು ಹಾಕಲು ಹೊರಟವರು ಮೊದಲು ಹಳೆಯದೊಂದು ಕೆಟ್ಟ ರೋಲ್ ಹಾಕಿ, ಒಂದರಿಂದ ಹನ್ನೆರಡರವರೆಗೆ ನಿಧಾನವಾಗಿ ಸುತ್ತಿ ನೋಡಬೇಕು. ಹಿಡಿಕೆ ಎಲ್ಲಾದರೂ ಬಿಗಿದರೆ ಅಲ್ಲಿಯೇ ಕೈ ತೆಗೆಯಬೇಕು.