ಕಿವಿಯೋಲೆಯ ಹಿಂದಿನ ಗಾಯ

ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಹೋದವರು ಮದನಿಕೆಯರ ಭಂಗಿಯನ್ನು ನೋಡುತ್ತಾರೆ, ಮುಡಿಯನ್ನು ನೋಡುತ್ತಾರೆ. ಕಿವಿಯನ್ನು ನೋಡುವವರು ಕಡಿಮೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪನೆ ಮಾಡಿಸಿದ ಈ ಗುಡಿಯಲ್ಲಾಗಲಿ, ಹಳೇಬೀಡಿನ ಹೊಯ್ಸಳೇಶ್ವರದಲ್ಲಾಗಲಿ ದೇವ, ದೇವಿ, ದ್ವಾರಪಾಲಕ ಎಂಬ ಭೇದವಿಲ್ಲದೆ ಕಿವಿಗಳಲ್ಲಿ ಆಭರಣ ತೂಗುತ್ತದೆ. ಮೆದುವಾದ ಬಳಪದ ಕಲ್ಲು ಸಿಕ್ಕಿದ್ದರಿಂದ ಶಿಲ್ಪಿಗಳು ಓಲೆಯ ಕುಸುರಿಯನ್ನೂ ಬಿಡದೆ ಕಡೆದರು.

ಹಳೇಬೀಡಿನ ಬಸದಿಹಳ್ಳಿಯಲ್ಲಿ ಇದಕ್ಕೆ ವಿರುದ್ಧವಾದ ದೃಶ್ಯವಿದೆ. 1133ರ ಪಾರ್ಶ್ವನಾಥ ಬಸದಿಯ ತೀರ್ಥಂಕರನ ಮೈಮೇಲೆ ಒಂದೂ ಒಡವೆಯಿಲ್ಲ. ಆದರೂ ಕಿವಿಯ ಹಾಲೆ ಮಾತ್ರ ನೀಳವಾಗಿದೆ. ಇದು ಮಹಾಪುರುಷರ ಲಕ್ಷಣವೆಂದು ಹೇಳುವುದುಂಟು. ರಾಜಕುಮಾರನಾಗಿದ್ದಾಗ ತೊಟ್ಟ ಕುಂಡಲಗಳ ಭಾರ ಉಳಿಸಿಹೋದ ಗುರುತೆಂದು ವಿವರಿಸುವವರೂ ಇದ್ದಾರೆ.

ಓಲೆ ಎಂದರೆ ಮೂಲದಲ್ಲಿ ತಾಳೆಗರಿ. ಬರೆಯುವುದಕ್ಕೂ ಅದೇ, ಸುರುಳಿ ಸುತ್ತಿ ಕಿವಿಗೆ ಇಡುವುದಕ್ಕೂ ಅದೇ. ಸುತ್ತಿದ ಗರಿ ಬಿಚ್ಚಿಕೊಳ್ಳಲು ನೋಡುತ್ತದೆ. ಹಾಗೆ ಬಿಚ್ಚಿಕೊಳ್ಳುತ್ತಲೇ ತೂತನ್ನು ನಿಧಾನವಾಗಿ ಹಿಗ್ಗಿಸುತ್ತದೆ. ಗರಿಯ ಜಾಗಕ್ಕೆ ಚಿನ್ನ ಬಂದರೂ ಹೆಸರು ಹೋಗಲಿಲ್ಲ. ಬೆಂಡೋಲೆ, ಬುಗುಡಿ, ಜುಮುಕಿ, ಲೋಲಾಕು ಎಂದು ಪಟ್ಟಿ ಬೆಳೆಯಿತು.

ಆದರೆ ಪ್ರತಿಯೊಂದು ಓಲೆಯ ಹಿಂದೆಯೂ ಒಂದು ಗಾಯವಿದೆ. ಅದನ್ನು ಮಾಯಿಸುವ ವಿದ್ಯೆ ಓಲೆಯಷ್ಟೇ ಹಳೆಯದು. ಸುಶ್ರುತಸಂಹಿತೆಯ ಸೂತ್ರಸ್ಥಾನದ 16ನೇ ಅಧ್ಯಾಯ ಇದಕ್ಕೇ ಮೀಸಲು. ರಕ್ಷಣೆ ಮತ್ತು ಅಲಂಕಾರ, ಇವೆರಡಕ್ಕಾಗಿ ಮಗುವಿಗೆ ಆರನೆಯ ಅಥವಾ ಏಳನೆಯ ತಿಂಗಳಲ್ಲಿ ಕಿವಿ ಚುಚ್ಚಬೇಕು. ಮಗುವನ್ನು ಮಡಿಲಲ್ಲಿ ಕೂರಿಸಿ ಆಟಿಕೆಗಳಿಂದ ರಮಿಸಬೇಕು. ಹಾಲೆಯನ್ನು ಎಳೆದು ಹಿಡಿದು, ಬಿಸಿಲು ತೂರಿ ಕಾಣುವ ಸಹಜವಾದ ಜಾಗದಲ್ಲಿ ಚುಚ್ಚಬೇಕು ಎನ್ನುತ್ತದೆ ಆ ಗ್ರಂಥ. ಗಂಡುಮಗುವಿಗೆ ಬಲಗಿವಿ ಮೊದಲು, ಹೆಣ್ಣಿಗೆ ಎಡಗಿವಿ.

ಚುಚ್ಚಿದ ಮೇಲಿನ ಆರೈಕೆಯೂ ಅಷ್ಟೇ ವಿವರವಾಗಿದೆ. ತೂತಿನಲ್ಲಿ ಹತ್ತಿಯ ಬತ್ತಿಯಿಟ್ಟು ಎಣ್ಣೆ ಬಿಡಬೇಕು. ಮೂರು ದಿನಕ್ಕೊಮ್ಮೆ ಬತ್ತಿ ಬದಲಿಸಿ ಸ್ವಲ್ಪ ದಪ್ಪನೆಯದನ್ನು ಇಡಬೇಕು. ಊದಿಕೊಂಡು ನೋವಾದರೆ ಬತ್ತಿ ತೆಗೆದು ಜ್ಯೇಷ್ಠಮಧು, ಹರಳುಗಿಡದ ಬೇರು, ಮಂಜಿಷ್ಠ, ಜವೆಗೋಧಿ, ಎಳ್ಳು ಇವನ್ನು ಅರೆದು ಜೇನು, ತುಪ್ಪ ಬೆರೆಸಿ ಹಚ್ಚಬೇಕು. ಪೂರ್ತಿ ಮಾಯ್ದ ಮೇಲೆಯೇ ಮತ್ತೆ ಚುಚ್ಚಬೇಕು. ಹರಿದ ಹಾಲೆಯನ್ನು ಕೂಡಿಸುವ ಹದಿನೈದು ಕ್ರಮಗಳೂ ಇದೇ ಅಧ್ಯಾಯದಲ್ಲಿವೆ. ಹೊಸ ಮೂಗು ಕಟ್ಟುವ ಪ್ರಸಿದ್ಧ ಶಸ್ತ್ರಚಿಕಿತ್ಸೆಯೂ ಇಲ್ಲಿಯದೇ.

ನಮ್ಮ ಹಳ್ಳಿಗಳಲ್ಲಿ ಈ ಕೆಲಸ ಅಕ್ಕಸಾಲಿಗರದು. ಸೋದರಮಾವನ ತೊಡೆಯ ಮೇಲೆ ಮಗು, ತಟ್ಟೆಯಲ್ಲಿ ಬಾಳೆಹಣ್ಣು, ಬೆಲ್ಲ. ಚಿನ್ನದ ತಂತಿಯಿಂದ ಚುಚ್ಚಿ ಅಲ್ಲೇ ಸುತ್ತಿಬಿಡುತ್ತಿದ್ದರು. ಚಿನ್ನವಿಲ್ಲದ ಮನೆಯಲ್ಲಿ ದಾರ ಅಥವಾ ಬೇವಿನ ಕಡ್ಡಿ. ಅರಸೀಕೆರೆಯಂಥ ತೆಂಗಿನ ಸೀಮೆಯಲ್ಲಿ ಕೊಬ್ಬರಿ ಎಣ್ಣೆಗೆ ಬರವಿಲ್ಲ. ಅದಕ್ಕೆ ಅರಿಸಿನ ಕಲಸಿ ಹಚ್ಚಿದರೆ ಮುಗಿಯಿತು ಎಂಬುದು ಅಜ್ಜಿಯರ ಮಾತು.

ಇಂದಿನ ವೈದ್ಯರು ಇದರಲ್ಲಿ ಕೆಲವನ್ನು ಒಪ್ಪುತ್ತಾರೆ, ಕೆಲವನ್ನು ಒಪ್ಪುವುದಿಲ್ಲ. ಅರಿಸಿನಕ್ಕೆ ನಂಜು ತಡೆಯುವ ಗುಣವಿದ್ದರೂ ಅಡುಗೆಮನೆಯ ಡಬ್ಬಿಯ ಪುಡಿ ಹಸಿಗಾಯಕ್ಕೆ ತಕ್ಕಷ್ಟು ಶುದ್ಧವಲ್ಲ. ಕೈ ತೊಳೆದುಕೊಂಡು, ಕಾಯಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು ಹಾಕಿ ದಿನಕ್ಕೆರಡು ಬಾರಿ ಒರೆಸಿದರೆ ಸಾಕು. ಒಡವೆಯನ್ನು ಆಗಾಗ ತಿರುಗಿಸುತ್ತಿರಬೇಕೆಂಬ ಹಳೆಯ ಸಲಹೆಯನ್ನು ಈಗ ಬಹುಮಂದಿ ಕೈಬಿಟ್ಟಿದ್ದಾರೆ. ತಿರುಗಿಸಿದಷ್ಟೂ ಕೂಡುವ ಚರ್ಮ ಹರಿಯುತ್ತದೆ. ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ಸಲ್ಲದು. ಅದರಿಂದ ಹೆಪಟೈಟಿಸ್-ಬಿಯಂಥ ರೋಗ ಹರಡಬಹುದು. ಧನುರ್ವಾಯುವಿನ ಲಸಿಕೆ ಮೊದಲೇ ಆಗಿರಬೇಕು. ನಿಕಲ್ ಬೆರೆತ ಅಗ್ಗದ ಓಲೆಯಿಂದ ಕೆಲವರಿಗೆ ತುರಿಕೆ ಏಳುತ್ತದೆ.

ಎಲ್ಲಿ ಚುಚ್ಚುತ್ತಾರೆ ಎಂಬುದೂ ಮುಖ್ಯ. ಹಾಲೆ ಬರೀ ಮಾಂಸ, ಕೊಬ್ಬು. ಆರರಿಂದ ಎಂಟು ವಾರದಲ್ಲಿ ಮಾಯುತ್ತದೆ. ಬುಗುಡಿ ಇಡುವ ಮೇಲ್ಗಿವಿಯಲ್ಲಿರುವುದು ಮೃದ್ವಸ್ಥಿ. ಅದಕ್ಕೆ ಸ್ವಂತ ರಕ್ತನಾಳಗಳಿಲ್ಲದ ಕಾರಣ ಮಾಯಲು ಹಲವು ತಿಂಗಳು, ಒಮ್ಮೊಮ್ಮೆ ವರ್ಷವೇ ಹಿಡಿಯುತ್ತದೆ. ಅಲ್ಲಿ ಕೀವಾಗಿ ಚಿಕಿತ್ಸೆ ತಡವಾದರೆ ಕಿವಿಯ ಆಕಾರವೇ ಮುದುಡಿಹೋಗಬಹುದು. ಕೆಂಪಾಗಿ ಬಾತು, ಜ್ವರ ಬಂದರೆ ಮನೆಮದ್ದಿನಲ್ಲಿ ದಿನ ಕಳೆಯಬಾರದು. ಒಡವೆಯನ್ನು ತಾವಾಗಿ ಕಿತ್ತುಹಾಕುವುದೂ ಸರಿಯಲ್ಲ. ತೂತು ಮುಚ್ಚಿಕೊಂಡು ಕೀವು ಒಳಗೇ ನಿಲ್ಲುತ್ತದೆ. ಬತ್ತಿ ತೆಗೆಯಲು ಹೇಳಿದ ಸುಶ್ರುತನಿಗೂ ಇಂದಿನ ವೈದ್ಯರಿಗೂ ಇರುವ ವ್ಯತ್ಯಾಸ ಇದು.

ಉಳಿದಂತೆ ಇಬ್ಬರೂ ಒಂದೇ ಮಾತು ಹೇಳುತ್ತಾರೆ: ಸರಿಯಾದ ಜಾಗ ನೋಡಿ ಚುಚ್ಚಿ, ಆತುರಪಡಬೇಡಿ, ಭಾರವನ್ನು ಮೆಲ್ಲಗೆ ಹೇರಿ. ಬೇಲೂರಿನ ಮದನಿಕೆಯ ಓಲೆಯ ಭಾರವನ್ನು ಕಲ್ಲು ತಡೆದುಕೊಂಡಿತು. ಆರು ತಿಂಗಳ ಕೂಸಿನ ಕಿವಿಗೆ ಆ ಶಕ್ತಿ ಬರಬೇಕಾದರೆ ಚುಚ್ಚಿದ ಮೇಲಿನ ಕೆಲವು ವಾರಗಳ ಎಚ್ಚರವೇ ಬೇಕು.