ಒನಕೆ, ಗುದ್ದಲಿ, ಗಂಜಿಬಟ್ಟಲು

ಚಿತ್ರದುರ್ಗದ ಇತಿಹಾಸ ಅಂದ ಕೂಡಲೇ ನಮ್ಮವರು ಕೋಟೆ ಹತ್ತುತ್ತಾರೆ. ಏಳು ಸುತ್ತಿನ ಕೋಟೆ, ಬತೇರಿ, ಬುರುಜು, ಮದಕರಿ ನಾಯಕ. ಹತ್ತಲಿ, ಬೇಡ ಅನ್ನೋದಿಲ್ಲ. ಆದರೆ ಕೋಟೆಯ ಮೇಲೆ ನಿಂತವನಿಗೆ ಕಾಣೋದು ಆಳಿದವರ ಇತಿಹಾಸ ಮಾತ್ರ. ಕೆಳಗಿಳಿದು ಕೇರಿಯಲ್ಲಿ, ಹಟ್ಟಿಯಲ್ಲಿ, ಬತ್ತಿದ ಕೆರೆಯಂಗಳದಲ್ಲಿ ನಿಂತರೆ ಬೇರೆ ಪ್ರಶ್ನೆಗಳು ಏಳುತ್ತವೆ. ಯುದ್ಧ ಬಂದಾಗ ದೇವರ ಹೆಸರಿನಲ್ಲಿ ಏನು ನಡೆಯಿತು? ಬರ ಬಂದಾಗ ಧರ್ಮದ ಹೆಸರಿನಲ್ಲಿ ಯಾರು ಯಾರಿಗೆ ಏನು ಕೊಟ್ಟರು? ಕೊಟ್ಟ ಕೈ ಮೇಲಿತ್ತೋ, ಇಸಕೊಂಡವನ ಕೈಗೆ ಸಮವಾಗಿತ್ತೋ? ಭಕ್ತಿಯನ್ನು ಅಳೆಯೋದಕ್ಕೆ ನಮ್ಮ ಹತ್ತಿರ ಇರುವ ಕೊಳಗ ಇದೊಂದೇ.

ದುರ್ಗದ ಪಾಳೆಯಪಟ್ಟು ಬೆಳೆದದ್ದು ನಮ್ಮ ಊರುಗಳ ಹಾದಿಯಲ್ಲೇ. ತಿಮ್ಮಣ್ಣ ನಾಯಕ ವಿಜಯನಗರದ ಅರಸರಿಂದ ಮೊದಲು ಹೊಳಲ್ಕೆರೆಯ, ಆಮೇಲೆ ಹಿರಿಯೂರಿನ, ಕಡೆಗೆ ಚಿತ್ರದುರ್ಗದ ನಾಯಕತನ ಪಡೆದ. 1675ರಲ್ಲಿ ಚಿಕ್ಕಣ್ಣ ನಾಯಕ, ಬಾಗೂರಿನ ಮೇಲೆ ಕಣ್ಣಿಡಲಿಕ್ಕೆ ಹೊಸದುರ್ಗದ ಗುಡ್ಡದ ಮೇಲೆ ಕೋಟೆ ಕಟ್ಟಿಸಿದ. ಕಟ್ಟಿಸಿದವನ ಹೆಸರು ಬರೀತೀವಿ. ಕಲ್ಲು ಹೊತ್ತವನ ಹೆಸರು ಬರೆಯೋದಿಲ್ಲ.

ನಾಯಕರು ಬೇಡರು. ಅವರ ದೇವರು ಏಕನಾಥಮ್ಮ, ಉಚ್ಚಂಗಮ್ಮ. ಅವರ ಗುರುಮನೆ ಮುರುಘಾಮಠ. ಹೈದರಾಲಿ ದುರ್ಗವನ್ನು ಮುತ್ತಿದ ಕಾಲದ ಸಂಗತಿಯನ್ನು ಕರ್ನಲ್ ವಿಲ್ಕ್ಸ್ ತನ್ನ ಮೈಸೂರಿನ ಇತಿಹಾಸದಲ್ಲಿ ಬರೆದಿದ್ದಾನೆ. ಸೋಮವಾರ ಬಂತೆಂದರೆ ಬೇಡರ ಪಡೆ ದೇವಿಯ ಪೂಜೆ ಮುಗಿಸಿ, ಕೊಂಬು ಊದಿಸಿ, ಕೋಟೆಯಿಂದ ನುಗ್ಗಿ ಶತ್ರುಗಳ ತಲೆ ತರುತ್ತಿತ್ತಂತೆ. 1779ರಲ್ಲಿ ಕೋಟೆ ಬಿದ್ದಾಗ ಗುಡಿಯ ಮುಂದೆ ಎರಡು ಸಾವಿರ ತಲೆಗಳು ಸಾಲಾಗಿ ಒಟ್ಟಿದ್ದವಂತೆ. ವಿಲ್ಕ್ಸ್ ಪರದೇಶದ ಅಧಿಕಾರಿ. ಬೇಡರನ್ನು ಕಾಡುಜನ ಅಂತ ತೋರಿಸುವ ಚಪಲ ಅವನಿಗೂ ಇದ್ದೀತು. ಲೆಕ್ಕದಲ್ಲಿ ಹೆಚ್ಚುಕಮ್ಮಿ ಇರಲಿ. ಆ ತಲೆಗಳು ಯಾರವು ಅಂತ ಕೇಳೋಣ. ಹೈದರನ ತಲೆ ಅಲ್ಲಿರಲಿಲ್ಲ. ಸರದಾರರ ತಲೆ ಎಷ್ಟಿದ್ದವೋ. ಹೊಟ್ಟೆಪಾಡಿಗೆ ಸಿಪಾಯಿಗಿರಿಗೆ ಸೇರಿದ, ಯಾವುದೋ ಹಳ್ಳಿಯ ಯಾವುದೋ ತಾಯಿಯ ಮಕ್ಕಳ ತಲೆಗಳೇ ಹೆಚ್ಚಿದ್ದಿರಬೇಕು.

ಗೆದ್ದ ಮೇಲೆ ಹೈದರ್ ಏನು ಮಾಡಿದ? ಇಪ್ಪತ್ತು ಸಾವಿರ ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ ಅಂತ ಅದೇ ವಿಲ್ಕ್ಸ್ ಬರೆಯುತ್ತಾನೆ. ವಯಸ್ಸಿಗೆ ಬಂದ ಹುಡುಗರನ್ನು ಆರಿಸಿ, ಇಸ್ಲಾಮಿಗೆ ಸೇರಿಸಿ ಚೇಲಾ ಪಟಾಲಮುಗಳನ್ನು ಕಟ್ಟಿದ. ಒಂದು ದೇವರ ಹೆಸರಿನಲ್ಲಿ ತಲೆ ಕಡಿದವರ ಮಕ್ಕಳು ಇನ್ನೊಂದು ದೇವರ ಹೆಸರಿನಲ್ಲಿ ಕೋವಿ ಹಿಡಿದರು. ಎರಡು ಕಡೆಯೂ ಧರ್ಮ ಕೇಳಿದ್ದು ಬಡವನ ಮೈಯನ್ನೇ.

ಇದನ್ನು ಹಿಂದೂ-ಮುಸಲ್ಮಾನ ಯುದ್ಧ ಅಂತ ಹೇಳಿ ಇವತ್ತಿಗೂ ವೋಟು ಕೇಳುವವರಿದ್ದಾರೆ. ಹಾಗಿರಲಿಲ್ಲ ಸ್ವಾಮಿ. ಮದಕರಿಯ ಸೇನೆಯಲ್ಲಿ ಮುಸಲ್ಮಾನ ಸಿಪಾಯಿಗಳಿದ್ದರು. ಹೈದರನ ಸೇನೆಯಲ್ಲಿ ಹಿಂದೂಗಳಿದ್ದರು. ಜಗಳ ಇದ್ದದ್ದು ಕಪ್ಪಕಾಣಿಕೆಗೆ, ಸೀಮೆಗೆ, ಕೋಟೆಗೆ. ದೇವರನ್ನು ಕರೆದದ್ದು ಆಮೇಲೆ.

ಇದೇ ಮುತ್ತಿಗೆಯ ಕಾಲದ ಇನ್ನೊಂದು ಕತೆ ಎಲ್ಲರಿಗೂ ಗೊತ್ತು. ಕಾವಲುಗಾರ ಕಹಳೆ ಮುದ್ದಹನುಮ ಉಣ್ಣಲಿಕ್ಕೆ ಮನೆಗೆ ಬಂದ. ಹೆಂಡತಿ ಓಬವ್ವ ನೀರು ತರಲು ತಣ್ಣೀರು ದೋಣಿಗೆ ಹೋದಳು. ಬಂಡೆಯ ಕಿಂಡಿಯಲ್ಲಿ ಶತ್ರುಗಳು ನುಸುಳೋದು ಕಂಡಿತು. ಮನೆಗೆ ಓಡಿ ಒನಕೆ ತಂದಳು. ತಲೆ ಹಾಕಿದವನ ತಲೆ ಒಡೆದಳು, ಎಳೆದು ಬದಿಗೆ ಹಾಕಿದಳು, ಮುಂದಿನವನಿಗೆ ಕಾದಳು. ಅವತ್ತೇ ಸತ್ತಳು. ಜನಪದ ಅವಳನ್ನು ಛಲವಾದಿ ಹೆಣ್ಣು ಅಂತ ನೆನಪಿಟ್ಟುಕೊಂಡಿದೆ. ಅಂದರೆ ಹೊಲೆಯರ ಮನೆಯವಳು.

ಈಗ ನೋಡಿ. ಒನಕೆ ಆಯುಧವಲ್ಲ, ಕಾಳು ಕುಟ್ಟುವ ಕಟ್ಟಿಗೆ. ಯಾರೂ ಅವಳನ್ನು ಪಡೆಗೆ ಸೇರಿಸಿರಲಿಲ್ಲ, ಸಂಬಳ ಕೊಟ್ಟಿರಲಿಲ್ಲ. ಸೋಮವಾರ ಅಂತ ಕಾಯಲಿಲ್ಲ, ಕೊಂಬು ಊದಿಸಲಿಲ್ಲ, ತಲೆಗಳನ್ನು ಗುಡಿಯ ಮುಂದೆ ಒಟ್ಟಲಿಲ್ಲ. ಗಂಡ ಉಣ್ಣುತ್ತಿದ್ದಾನೆ, ಊರು ಮಲಗಿದೆ, ತಡೆಯಬೇಕು. ಅಷ್ಟೇ. ಅದು ಅವಳ ಧರ್ಮ. ಮೆರವಣಿಗೆ ಬಂದಾಗ ಗಂಟೆಬಟ್ಟಲು ಹಿಡಿದು ಮುಂದೆ ನಡೆಯಬೇಕಾದವನು ಛಲವಾದಿ, ಗುಡಿ ಬಂದಾಗ ಹೊರಗೆ ನಿಲ್ಲಬೇಕಾದವನೂ ಛಲವಾದಿ. ಅಂಥ ಮನೆಯ ಹೆಣ್ಣು ಕೋಟೆ ಕಾಯಬಹುದು, ಕೋಟೆಯೊಳಗಿನ ದೇವರನ್ನು ಮುಟ್ಟೋ ಹಾಗಿಲ್ಲ! 1972ರಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ಚಿತ್ರ ಓಬವ್ವನನ್ನು ನಾಡಿನ ಮೂಲೆಮೂಲೆಗೂ ಮುಟ್ಟಿಸಿತು. ದುರ್ಗದ ಸ್ಟೇಡಿಯಮ್ಮಿಗೆ ಅವಳ ಹೆಸರು ಬಂತು. 2021ರಿಂದ ನವೆಂಬರ್ 11ಕ್ಕೆ ಸರ್ಕಾರವೇ ಜಯಂತಿ ಮಾಡುತ್ತಿದೆ. ಸಂತೋಷ. ಹಾರ ಹಾಕಿದ ಕೈಗಳು ಅವಳ ಕೇರಿಯ ಮನೆಯಲ್ಲಿ ನೀರು ಕುಡಿಯುತ್ತವೆಯೇ ಅನ್ನೋದು ಉಳಿದ ಪ್ರಶ್ನೆ.

ಯುದ್ಧ ಒಂದು ದಿನ ಮುಗಿಯುತ್ತೆ. ನಮ್ಮ ಸೀಮೆಯ ಬರ ಮುಗಿಯೋದಿಲ್ಲ. ಈ ಬರದ ನಡುವೆ ಬಂದವನು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ. ಹಟ್ಟಿ ಇರೋದು ಪಕ್ಕದ ಚಳ್ಳಕೆರೆ ತಾಲ್ಲೂಕಿನಲ್ಲಿ. ಆದರೆ ಅವನ ಒಕ್ಕಲು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಲ್ಲ ಕಡೆ ಇದೆ. ಆತ ಬಂದು ಐದು ಕೆರೆ ಕಟ್ಟಿಸಿದ ಅಂತ ಜನ ಹೇಳ್ತಾರೆ. ಆತನ ಮಾತು ಅಂತ ಮಕ್ಕಳಿಗೂ ಬಾಯಿಪಾಠ ಆಗಿರೋದು ಒಂದೇ: ಮಾಡಿದಷ್ಟು ನೀಡು ಭಿಕ್ಷೆ.

ಈ ಮಾತನ್ನು ನಾವು ಸರಿಯಾಗಿ ಕೇಳಿಸಿಕೊಂಡಿಲ್ಲ. ಭಿಕ್ಷೆ ಅಂದರೆ ಕೊಡುವವನ ದಯೆ. ಕೊಟ್ಟರೆ ಉಂಟು, ಇಲ್ಲದಿದ್ದರೆ ಮುಂದಿನ ಮನೆ. ಅದಕ್ಕೆ 'ಮಾಡಿದಷ್ಟು' ಅನ್ನೋ ಒಂದು ಪದ ಸೇರಿಸಿದ ಕೂಡಲೇ ಭಿಕ್ಷೆ ಭಿಕ್ಷೆಯಾಗಿ ಉಳಿಯೋದಿಲ್ಲ, ಕೂಲಿ ಆಗುತ್ತೆ. ಮಣ್ಣು ಹೊತ್ತವನಿಗೆ ಹೊತ್ತಷ್ಟು ಲೆಕ್ಕ. ಯಾವ ಜಾತಿ ಅಂತಲ್ಲ, ಎಷ್ಟು ಪುಟ್ಟಿ ಅಂತ. ಹನ್ನೆರಡನೇ ಶತಮಾನದ ಶರಣರು ಕಾಯಕ ಅಂದದ್ದನ್ನು ಈತ ಗುದ್ದಲಿಗೆ ಇಳಿಸಿದ. ನಮ್ಮ ಸೀಮೆಯಲ್ಲಿ ಮಠ ಕಟ್ಟಿದವರು ಬಹಳ, ಕೆರೆ ಕಟ್ಟಿ ಕೂಲಿಯ ನ್ಯಾಯ ಹೇಳಿದ ಸ್ವಾಮಿ ಅಪರೂಪ. ಇವತ್ತು ಆತನ ಜಾತ್ರೆಯಲ್ಲಿ ಮುಕ್ತಿಬಾವುಟವನ್ನು ಲಕ್ಷಾಂತರ ರೂಪಾಯಿಗೆ ಹರಾಜು ಹಾಕುತ್ತಾರೆ. ದುಡ್ಡಿದ್ದವನಿಗೆ ಬಾವುಟ. ಮಾಡಿದಷ್ಟು ಅಂದವನ ಅಂಗಳದಲ್ಲೇ ಇದ್ದಷ್ಟು ಅನ್ನೋ ಲೆಕ್ಕ!

ಸ್ವಾಮಿಯ ಆ ಮಾತನ್ನು ಎದುರಿಗಿಟ್ಟುಕೊಂಡು 1876-78ರ ಧಾತು-ಈಶ್ವರ ಬರವನ್ನು ನೋಡಬೇಕು. ಆಗ ಮೈಸೂರು ಇಂಗ್ಲಿಷ್ ಕಮಿಷನರ ಕೈಲಿತ್ತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನ 50,55,412. 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ನಾಡು ಎಂಟೂಮುಕ್ಕಾಲು ಲಕ್ಷದಷ್ಟು ಕುಗ್ಗಿತು. ದಿನಗೂಲಿಯವರು, ಹೊಲೆಯರು, ಮಾದಿಗರು, ವಡ್ಡರು: ಯಾರ ಮನೆಯಲ್ಲಿ ಗುಡಾಣ ಇರಲಿಲ್ಲವೋ ಅವರು ಮೊದಲು ಸತ್ತರು.

ಆ ಹೊತ್ತಿನಲ್ಲಿ ಸರ್ ರಿಚರ್ಡ್ ಟೆಂಪಲ್ ಅನ್ನೋ ದೊಡ್ಡ ಅಧಿಕಾರಿ ದಕ್ಷಿಣಕ್ಕೆ ಬಂದು, ಪರಿಹಾರದ ಕೆಲಸಕ್ಕೆ ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೊಂದಾಣೆ ಸಾಕು ಅಂತ ಗೊತ್ತುಮಾಡಿದ. ಒಂದು ಪೌಂಡು ಅಂದರೆ ಅರ್ಧ ಕೆಜಿಗೂ ಕಮ್ಮಿ. ಅದನ್ನು ತಿಂದು ದಿನವಿಡೀ ಕಲ್ಲು ಒಡೆಯಬೇಕು. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಇದನ್ನು ವಿರೋಧಿಸಿದ, ಕೂಲಿ ಏರಿಸಲೇಬೇಕಾಯಿತು. ಸ್ವಾಮಿ ಮಾಡಿದಷ್ಟು ನೀಡು ಅಂದ. ಸಾಮ್ರಾಜ್ಯ ಸಾಯದಷ್ಟು ನೀಡು ಅಂದಿತು. ಅದೂ ಸಾಲಲಿಲ್ಲ.

ಗಂಜಿಕೇಂದ್ರಗಳು ತೆರೆದವು. ಅಲ್ಲಿ ಜಾತಿ ಸತ್ತಿತ್ತು ಅಂದುಕೊಳ್ಳಬೇಡಿ. ಬೇರೆಯವರ ಕೈಯಡಿಗೆ ಉಣ್ಣೋದಿಲ್ಲ ಅಂತ ಹಿಂದೆ ಸರಿದವರಿದ್ದರು. ಈ ಬರ ಕಲಿಸಿದ ಪಾಠದಿಂದ ಬ್ರಿಟಿಷ್ ಸರ್ಕಾರ ಕ್ಷಾಮ ಸಂಹಿತೆಗಳನ್ನು ಬರೆದಾಗ, ಅಡಿಗೆಯವರನ್ನು ಜಾತಿ ನೋಡಿ ನೇಮಿಸಬೇಕೆಂಬ ಎಚ್ಚರಿಕೆಯೂ ಅವುಗಳಲ್ಲಿ ಸೇರಿಕೊಂಡಿತು. ಹೊಟ್ಟೆಗಿಂತ ಜಾತಿ ಗಟ್ಟಿ ಅಂತ ಸರ್ಕಾರಕ್ಕೂ ತಿಳಿದುಹೋಯಿತು.

ವೆಸ್ಲಿಯನ್ ಮಿಷನ್ನಿನವರು ಬೀದಿಯಲ್ಲಿ ಬಿದ್ದ ಮಕ್ಕಳನ್ನು ಎತ್ತಿಕೊಂಡರು. ಹಾಸನದಲ್ಲಿ ಹೆಣ್ಣುಮಕ್ಕಳಿಗೆ, ತುಮಕೂರಿನಲ್ಲಿ ಗಂಡುಮಕ್ಕಳಿಗೆ ಅನಾಥಾಲಯ ತೆರೆದರು. ಅನ್ನ ಕೊಟ್ಟರು, ಅಕ್ಷರ ಕೊಟ್ಟರು, ಕೈಕೆಲಸ ಕಲಿಸಿದರು, ಜೊತೆಗೆ ತಮ್ಮ ದೇವರನ್ನೂ ಕೊಟ್ಟರು. ಅನ್ನ ಹಾಕಿ ಮತ ಬದಲಿಸಿದರು ಅಂತ ಬೈಯುವವರು ಇವತ್ತೂ ಇದ್ದಾರೆ. ಬೈಯಲಿ. ಆದರೆ ಮೊದಲು ಒಂದು ಉತ್ತರ ಕೊಡಲಿ. ಆ ಹೊಲೆಯರ ಮಗು ಬೀದಿಯಲ್ಲಿ ಬಿದ್ದಾಗ ಅದನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಳ್ಳೋದಕ್ಕೆ ಯಾವ ಶಾಸ್ತ್ರ ಅಡ್ಡ ಬಂತು? ಮುಟ್ಟಿದರೆ ಮೈಲಿಗೆ ಅನ್ನುವವನು, ಮುಟ್ಟಿದವನು ಕದ್ದುಕೊಂಡು ಹೋದ ಅಂತ ಅಳಬಾರದು. ಮಿಷನ್ನಿನವರಿಗೂ ನಮ್ಮ ಪ್ರಶ್ನೆ ಇದೆ. ಅನ್ನದ ಜೊತೆಗೆ ಕರಾರು ಯಾಕೆ? ಹಸಿದವನ ಮುಂದೆ ಇಡುವ ಕರಾರನ್ನು ಹಸಿದವನು ಓದಿ ಸಹಿ ಹಾಕೋದಿಲ್ಲ.

ಬರ ಬರದಂತೆ ಮಾಡೋದು ಗಂಜಿಯಲ್ಲ, ನೀರು. ಹಿರಿಯೂರಿನ ಹತ್ತಿರ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಮಾರಿಕಣಿವೆ ಅಣೆಕಟ್ಟು 1907ರಲ್ಲಿ ಮುಗಿಯಿತು. ಕಣಿವೆ ಕಾಯುತ್ತಿದ್ದವಳು ಮಾರಮ್ಮ, ನಮ್ಮಂಥವರ ದೇವರು. ಕೆರೆಗೆ ಬಂದ ಹೆಸರು ಮಹಾರಾಣಿಯದು, ವಾಣಿವಿಲಾಸ ಸಾಗರ. ಜನ ಮಾತ್ರ ಮಾರಿಕಣಿವೆ ಅನ್ನೋದನ್ನು ಬಿಡಲಿಲ್ಲ. 1933ರಲ್ಲಿ ತುಂಬಿ ಕೋಡಿ ಬಿದ್ದದ್ದು ಮತ್ತೆ ಕೋಡಿ ಬಿದ್ದದ್ದು 89 ವರ್ಷದ ಮೇಲೆ, 2022ರಲ್ಲಿ. ಅಷ್ಟು ವರ್ಷ ಕೊಳವೆಬಾವಿ ಕೊರೆದು ಸಾಲದಲ್ಲಿ ಮುಳುಗಿದವರು ಎಷ್ಟು ಮಂದಿ, ಬೆಂಗಳೂರಿಗೆ ಗುಳೆ ಹೋದವರು ಎಷ್ಟು ಮಂದಿ!

ಅನ್ನ, ನೀರು ಆದ ಮೇಲೆ ಅಕ್ಷರ. ಇಲ್ಲಿ ಮಠಗಳಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಬೇಕು. ಮುರುಘಾಮಠದ ಜಯದೇವ ಸ್ವಾಮಿಗಳು ಕಳೆದ ಶತಮಾನದ ಮೊದಲರ್ಧದಲ್ಲಿ ಊರೂರಿನಲ್ಲಿ ವಿದ್ಯಾರ್ಥಿನಿಲಯ ತೆರೆದರು. 1940ರಲ್ಲಿ ಪೀಠಕ್ಕೆ ಬಂದ ಸಿರಿಗೆರೆಯ ಶಿವಕುಮಾರ ಸ್ವಾಮಿಗಳು ಹಳ್ಳಿಹಳ್ಳಿಗೆ ಶಾಲೆ ತಂದರು. ಒಕ್ಕಲು ಮಕ್ಕಳು ಓದಿದ್ದು ಅಲ್ಲಿ. ಇತ್ತೀಚಿನ ದಶಕಗಳಲ್ಲಿ ಚಿತ್ರದುರ್ಗದಲ್ಲೇ ಮಾದಾರ ಚೆನ್ನಯ್ಯ ಗುರುಪೀಠ, ಭೋವಿ ಗುರುಪೀಠ ಎದ್ದು ನಿಂತಿವೆ. ಕಲ್ಲು ಹೊತ್ತವರಿಗೂ ಚರ್ಮ ಹದ ಮಾಡಿದವರಿಗೂ ಒಬ್ಬ ಗುರು ಸಿಕ್ಕಿದ. ಒಳ್ಳೆಯದೇ. ಆದರೆ ಜಾತಿಗೊಂದು ಪೀಠ, ಪೀಠಕ್ಕೊಂದು ಹಾಸ್ಟೆಲ್ಲು ಆದರೆ ಮಕ್ಕಳು ಒಟ್ಟಿಗೆ ಕೂತು ಉಣ್ಣೋದು ಯಾವಾಗ? ಕರುಣೆಯೂ ಜಾತಿಯ ಬೇಲಿಯೊಳಗೇ ಮೇಯಬೇಕೇ?

ಬೇಲಿ ಎಷ್ಟು ಗಟ್ಟಿ ಅನ್ನೋದಕ್ಕೆ ದೂರ ಹೋಗಬೇಕಾಗಿಲ್ಲ. 2019ರ ಸೆಪ್ಟೆಂಬರಿನಲ್ಲಿ ಆಗಿನ ಚಿತ್ರದುರ್ಗದ ಸಂಸದ ಎ. ನಾರಾಯಣಸ್ವಾಮಿಯವರು ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಗೆ ಹೋದರು. ಹೋದದ್ದು ಹಟ್ಟಿಯ ಜನರಿಗೆ ಅನುಕೂಲ ಮಾಡಿಕೊಡುವ ಮಾತಾಡಲಿಕ್ಕೆ, ವೈದ್ಯರ ತಂಡದ ಜೊತೆ. ನೀವು ದಲಿತರು, ಒಳಗೆ ಬರೋ ಹಾಗಿಲ್ಲ ಅಂತ ತಡೆದರು. ಗೊಲ್ಲರೂ ಬಡವರೇ, ಅವರನ್ನೂ ಮೇಲಿನವರು ದೂರವೇ ಇಟ್ಟವರು. ಆದರೂ ಕೊಡಲು ಬಂದ ಕೈಯನ್ನು ಬಾಗಿಲಲ್ಲೇ ನಿಲ್ಲಿಸಿದ್ದು ದೇವರ ಕಟ್ಟಳೆ ಅನ್ನೋ ಹೆಸರಿನಲ್ಲಿ. 1877ರಲ್ಲಿ ಗಂಜಿಬಟ್ಟಲನ್ನು ದೂರ ತಳ್ಳಿದ್ದೂ ಅದೇ ಹೆಸರಿನಲ್ಲಿ. ನಡುವೆ 142 ವರ್ಷ.

ಹಾಗಾದರೆ ಧರ್ಮವೇ ಬೇಡವೇ ಅಂತ ಗೆಳೆಯರು ಕೇಳಬಹುದು. ನಮ್ಮ ಜನ ಮಾರಮ್ಮನನ್ನೂ ತಿಪ್ಪೇಸ್ವಾಮಿಯನ್ನೂ ಬಿಡೋದಿಲ್ಲ, ಬಿಡಿ ಅಂತ ಹೇಳೋ ಅಧಿಕಾರ ನಮಗೂ ಇಲ್ಲ. ಆದರೆ ಪೀಠದ ಮೇಲೆ ಕೂತವರನ್ನು ಕೇಳೋ ಅಧಿಕಾರ ಇದೆ. ಯುದ್ಧ ಅಂದಾಗ ನಿಮ್ಮ ದೇವರು ಯಾರ ತಲೆ ಕೇಳುತ್ತಾನೆ? ಕೆಲಸ ಅಂದಾಗ ಮಾಡಿದಷ್ಟು ಕೊಡುತ್ತಾನೋ, ಸಾಯದಷ್ಟು ಕೊಡುತ್ತಾನೋ? ಊಟ ಅಂದಾಗ ಯಾರ ಪಕ್ಕದಲ್ಲಿ ಎಲೆ ಹಾಕುತ್ತಾನೆ? ಈ ಮೂರಕ್ಕೂ ನೆಟ್ಟಗೆ ಉತ್ತರ ಕೊಡುವ ಧರ್ಮ ಯಾವುದಾದರೂ ಇರಲಿ, ನಮ್ಮ ಕೇರಿಯ ಬಾಗಿಲು ತೆರೆದೇ ಇದೆ. ಕೊಡದಿದ್ದರೆ, ಒನಕೆ ಇನ್ನೂ ನಮ್ಮ ಮನೆಯಲ್ಲೇ ಇದೆ, ಗುದ್ದಲಿಯೂ ಇದೆ. ಕೆರೆಯ ಹೂಳು ತೆಗೆಯೋದು ಬಾಕಿ ಇದೆ.