ಬೆಳಕು ಬದಲಾಗದಾಗ ಹೇಳುವವರು ಯಾರು? ಲಿನಕ್ಸ್ ಎಲ್‌ಇಡಿ ಡ್ರೈವರ್‌ಗಳ ಒಂದು ಪರಿಷ್ಕರಣೆ ಕುರಿತ ಟಿಪ್ಪಣಿ

ಲಿನಕ್ಸ್ ಕರ್ನಲ್‌ನಲ್ಲಿ ಎಲ್‌ಇಡಿಗಳಿಗೆಂದೇ ಒಂದು ಉಪವ್ಯವಸ್ಥೆ ಸೇರಿದ್ದು 2006ರಲ್ಲಿ, 2.6.17ನೇ ಆವೃತ್ತಿಯ ಹೊತ್ತಿಗೆ. ಬರೆದವರು ರಿಚರ್ಡ್ ಪರ್ಡಿ. ಪ್ರತಿ ದೀಪಕ್ಕೂ ಒಂದು ಫೋಲ್ಡರ್, ಅದರೊಳಗೆ ‘ಬ್ರೈಟ್‌ನೆಸ್’ ಎಂಬ ಫೈಲ್. ಆ ಫೈಲಿಗೆ ಒಂದು ಸಂಖ್ಯೆ ಬರೆದರೆ ದೀಪದ ಬೆಳಕು ಅಷ್ಟಾಗುತ್ತದೆ. ಸಂಖ್ಯೆಯನ್ನು ಚಿಪ್‌ಗೆ ಮುಟ್ಟಿಸುವುದು ಡ್ರೈವರ್‌ನ ಹೊಣೆ. 2016ರಲ್ಲಿ ಹೊರಬಂದ 4.5ನೇ ಆವೃತ್ತಿಯಲ್ಲಿ, ಆಗ ಈ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಯಾಟ್ಸೆಕ್ ಅನಾಶೆವ್‌ಸ್ಕಿ ಆ ಹೊಣೆಯ ಗಡಿಯನ್ನು ಬದಲಿಸಿದರು. ಹಲವು ಡ್ರೈವರ್‌ಗಳಲ್ಲಿ ಮರುಕಳಿಸುತ್ತಿದ್ದ ಸಾಲುಗಳನ್ನು ಅಳಿಸಿದ ಶುದ್ಧೀಕರಣ ಎಂದು ಈ ಬದಲಾವಣೆಯನ್ನು ನೋಡುವುದು ಸುಲಭ. ಅದು ನಿಜವೂ ಹೌದು. ಆದರೆ ಹೆಚ್ಚಿನ ಲಾಭ ಬೇರೆ ಕಡೆ ಇದೆ: ಬೆಳಕು ಬದಲಾಗದಿದ್ದಾಗ ‘ಆಗಲಿಲ್ಲ’ ಎಂದು ಹೇಳುವ ದಾರಿ ಡ್ರೈವರ್‌ಗೆ ಸಿಕ್ಕಿದ್ದು ಆಗಲೇ ಎಂಬುದು ನನ್ನ ವಾದ.

ತೊಡಕಿನ ಮೂಲ ಇರುವುದು ಬೆಳಕನ್ನು ಕೇಳುವವರು ಯಾರು ಎಂಬುದರಲ್ಲಿ. ಬಳಕೆದಾರ ಫೈಲಿಗೆ ಬರೆದರೆ ಅವನ ಪ್ರೋಗ್ರಾಂ ತುಸು ಹೊತ್ತು ಕಾಯಬಹುದು. ಕರ್ನಲ್‌ನೊಳಗಿಂದಲೇ ದೀಪವನ್ನು ನಡೆಸುವ ಟ್ರಿಗರ್‌ಗಳಿಗೆ ಆ ಸೌಕರ್ಯವಿಲ್ಲ. ‘ಹಾರ್ಟ್‌ಬೀಟ್’ ಟ್ರಿಗರ್ ಯಂತ್ರದ ಮೇಲಿನ ಹೊರೆ ಹೆಚ್ಚಿದಂತೆ ದೀಪವನ್ನು ಬೇಗಬೇಗ ಮಿಡಿಸುತ್ತದೆ. ಅದು ಓಡುವುದು ಕರ್ನಲ್ ಟೈಮರ್‌ನೊಳಗೆ, ಮತ್ತು ಅಲ್ಲಿ ಯಾವ ಕೋಡ್ ಕೂಡ ನಿಂತು ಕಾಯುವಂತಿಲ್ಲ. ಇತ್ತ ಐ2ಸಿ ಬಸ್ ಮೇಲೆ ಕುಳಿತ ಎಲ್‌ಇಡಿ ಚಿಪ್‌ನೊಡನೆ ಮಾತಾಡಲು ಕಾಯದೆ ಗತಿಯಿಲ್ಲ. 100 ಕಿಲೋಹರ್ಟ್ಸ್ ವೇಗದ ಬಸ್ಸಿನಲ್ಲಿ ಒಂದು ರಿಜಿಸ್ಟರ್‌ಗೆ ಬರೆಯಲು ಮೂರು ಬೈಟ್ ಹೋಗಬೇಕು. ಒಪ್ಪಿಗೆಯ ಬಿಟ್ ಸೇರಿ ತಲಾ 9 ಬಿಟ್‌ನಂತೆ 27 ಬಿಟ್, ಅಂದರೆ ಸುಮಾರು 270 ಮೈಕ್ರೊಸೆಕೆಂಡ್. ಟೈಮರ್‌ನೊಳಗಿನ ಕೋಡ್‌ಗೆ ಇದು ಬಹು ದೀರ್ಘ ಕಾಲ.

ಹಳೆಯ ಪದ್ಧತಿಯಲ್ಲಿ ಪ್ರತಿ ಡ್ರೈವರ್ ಇದಕ್ಕೆ ತನ್ನದೇ ಉಪಾಯ ಹೂಡಬೇಕಿತ್ತು. ಎಲ್‌ಇಡಿ ಉಪವ್ಯವಸ್ಥೆಯ ಸಾಮಾನ್ಯ ಭಾಗವಾದ ಕೋರ್ ಕರೆಯುತ್ತಿದ್ದ ‘ಬ್ರೈಟ್‌ನೆಸ್ ಸೆಟ್’ ಫಂಕ್ಷನ್ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಕೆಲಸವನ್ನು ವರ್ಕ್‌ಕ್ಯೂಗೆ ಹಾಕಿ ಹಿಂತಿರುಗುತ್ತಿತ್ತು. ಚಿಪ್ ಮುಟ್ಟುವ ನಿಜವಾದ ಕೆಲಸ ಆಮೇಲೆ. ಡ್ರೈವರ್ ತೆಗೆಯುವಾಗ ಆ ಬಾಕಿ ಕೆಲಸವನ್ನು ರದ್ದುಮಾಡಲು ಮರೆತರೆ, ಬಿಟ್ಟುಕೊಟ್ಟ ಮೆಮೊರಿಯನ್ನೇ ಅದು ಮತ್ತೆ ಮುಟ್ಟುವ ಅಪಾಯವಿತ್ತು. ಇದಕ್ಕಿಂತ ಗಂಭೀರವಾದದ್ದು ಇನ್ನೊಂದು: ‘ಬ್ರೈಟ್‌ನೆಸ್ ಸೆಟ್’ ಏನನ್ನೂ ಹಿಂತಿರುಗಿಸುವುದಿಲ್ಲ, ವರ್ಕ್‌ಕ್ಯೂನ ಫಂಕ್ಷನ್ ಕೂಡ ಹಿಂತಿರುಗಿಸುವುದಿಲ್ಲ. ಚಿಪ್ ಉತ್ತರಿಸಲಿಲ್ಲವೆಂದು ಬಸ್ ದೋಷ ಸಂಖ್ಯೆ ಕೊಟ್ಟರೂ ಅದನ್ನು ಮೇಲಕ್ಕೆ ಮುಟ್ಟಿಸುವ ದಾರಿಯೇ ಇರಲಿಲ್ಲ.

ಪಿಸಿಎ9633 ಎಂಬ ಚಿಪ್ಪನ್ನು ತೆಗೆದುಕೊಳ್ಳೋಣ. ಅದರಲ್ಲಿ ನಾಲ್ಕು ದೀಪಗಳು, ಪ್ರತಿಯೊಂದಕ್ಕೂ ಬೆಳಕಿನ 256 ಹಂತಗಳು. ಪ್ರತಿ ದೀಪದ ಸ್ಥಿತಿ (ಆರಿದೆ, ಪೂರ್ತಿ ಉರಿಯುತ್ತಿದೆ, ತನ್ನ ಹಂತಕ್ಕೆ ತಕ್ಕಂತೆ ಉರಿಯುತ್ತಿದೆ, ಅಥವಾ ಗುಂಪಿನೊಡನೆ) ಎರಡೆರಡು ಬಿಟ್‌ಗಳಲ್ಲಿ, ನಾಲ್ಕೂ ಸೇರಿ ಒಂದೇ ರಿಜಿಸ್ಟರ್‌ನಲ್ಲಿ ಕುಳಿತಿವೆ. ನಡುವಿನ ಬೆಳಕು ಬೇಕಾದರೆ ಹಂತದ ರಿಜಿಸ್ಟರ್‌ಗೆ ಬರೆದು, ಸ್ಥಿತಿಯ ರಿಜಿಸ್ಟರನ್ನು ಓದಿ, ಅದರ ಎರಡು ಬಿಟ್ ಬದಲಿಸಿ ಮತ್ತೆ ಬರೆಯಬೇಕು. ಓದಿಗೆ 36 ಬಿಟ್ ಎಂದು ಹಿಡಿದರೆ ಒಟ್ಟು ಸುಮಾರು 0.9 ಮಿಲಿಸೆಕೆಂಡ್. ಹಂತವನ್ನು ಬರೆದ ಮೇಲೆಯೇ ಸ್ಥಿತಿಯನ್ನು ಬದಲಿಸಬೇಕು. ಕ್ರಮ ತಿರುಗಿದರೆ ದೀಪ ಒಂದು ಕ್ಷಣ ಹಳೆಯ ಬೆಳಕಿನಲ್ಲಿ ಮಿನುಗುತ್ತದೆ. ಈ ಮೂರು ವ್ಯವಹಾರಗಳಲ್ಲಿ ಯಾವುದಾದರೂ ಸೋಲಬಹುದು, ಮತ್ತು ಮಧ್ಯದಲ್ಲಿ ಸೋತರೆ ಚಿಪ್‌ನ ಸ್ಥಿತಿಗೂ ಕರ್ನಲ್‌ನ ತಿಳಿವಳಿಕೆಗೂ ತಾಳೆಯಾಗುವುದಿಲ್ಲ.

ಹೊಸ ವ್ಯವಸ್ಥೆಯಲ್ಲಿ ಎರಡು ಫಂಕ್ಷನ್‌ಗಳಿವೆ. ಕಾಯದೆ ಕೆಲಸ ಮುಗಿಸಬಲ್ಲ ಡ್ರೈವರ್ ಹಳೆಯದನ್ನೇ ಕೊಡುತ್ತದೆ. ಕಾಯಬೇಕಾದದ್ದು ‘ಬ್ರೈಟ್‌ನೆಸ್ ಸೆಟ್ ಬ್ಲಾಕಿಂಗ್’ ಕೊಡುತ್ತದೆ, ಮತ್ತು ಅದು ಪೂರ್ಣಾಂಕವೊಂದನ್ನು ಹಿಂತಿರುಗಿಸುತ್ತದೆ. ಮುಂದೂಡುವ ಕೆಲಸ ಈಗ ಕೋರ್‌ನದು. ಸೋತರೆ ಬೆಳಕು ಹೊಂದಿಸಲಾಗಲಿಲ್ಲವೆಂದು ದೋಷ ಸಂಖ್ಯೆಯ ಸಮೇತ ಕರ್ನಲ್ ಲಾಗ್‌ನಲ್ಲಿ ಕೋರ್ ದಾಖಲಿಸುತ್ತದೆ. ಜಿಪಿಐಒ ಎಲ್‌ಇಡಿ ಡ್ರೈವರ್ ಎರಡನ್ನೂ ಬಲ್ಲದು: ಪಿನ್ ಪ್ರೊಸೆಸರ್‌ನದ್ದೇ ಆಗಿದ್ದರೆ ಮೊದಲನೆಯದು, ಐ2ಸಿ ವಿಸ್ತರಣಾ ಚಿಪ್‌ನ ಪಿನ್ ಆಗಿದ್ದರೆ ಎರಡನೆಯದು. ಕಾಯಬೇಕೋ ಬೇಡವೋ ಎಂಬುದು ಡ್ರೈವರ್‌ನ ಗುಣವಲ್ಲ, ದೀಪಕ್ಕೆ ಹೋಗುವ ದಾರಿಯ ಗುಣ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಕಾಣಲಿಲ್ಲ.

ಈ ಹೊಸ ವ್ಯವಸ್ಥೆಗೆ ಬೆಲೆಯೂ ಇದೆ. ಕೋರ್ ನೆನಪಿಡುವುದು ಕೊನೆಯ ಸಂಖ್ಯೆಯನ್ನು ಮಾತ್ರ. 10, 200, 30 ಎಂದು ಬೇಗ ಬೇಗ ಕೇಳಿದರೆ ಚಿಪ್‌ಗೆ 30 ಮಾತ್ರ ತಲುಪಬಹುದು. ಬರಿಯ ಬೆಳಕಿಗೆ ಇದು ಸರಿಯೇ. ಆದರೆ ಇಲ್ಲಿ ಸೊನ್ನೆಗೆ ‘ಮಿನುಗುವುದನ್ನು ನಿಲ್ಲಿಸು’ ಎಂಬ ಅರ್ಥವೂ ಉಂಟು. ಬ್ಯಾಟರಿ ಚಾರ್ಜ್ ಆಗುವಾಗ ಮಿನುಗಿ, ತುಂಬಿದಾಗ ಸ್ಥಿರವಾಗಿ ಉರಿಯಬೇಕಾದ ದೀಪಕ್ಕೆ ಟ್ರಿಗರ್ ಮೊದಲು ಸೊನ್ನೆಯನ್ನೂ ಕೂಡಲೇ ಪೂರ್ಣ ಬೆಳಕನ್ನೂ ಕೇಳುತ್ತದೆ. ಸೊನ್ನೆ ನಡುವೆ ಕಳೆದುಹೋದರೆ ಆ ಉದ್ದೇಶ ಕೆಡುತ್ತದೆ. 2023ರಲ್ಲಿ ಹಾನ್ಸ್ ಡಿ ಗುಡೆ ಇದನ್ನು ಸರಿಪಡಿಸಿದರು: ಆರಿಸುವ ಕೋರಿಕೆಯನ್ನು ಪ್ರತ್ಯೇಕ ಬಿಟ್‌ನಲ್ಲಿ ಗುರುತಿಟ್ಟು ಮೊದಲು ಅದನ್ನು ನೆರವೇರಿಸುವಂತೆ ಮಾಡಿದರು. ಮುಂದೂಡುವ ಕೋಡ್ ಒಂದೇ ಕಡೆ ಇದ್ದುದರಿಂದ ತಿದ್ದುಪಡಿಯೂ ಒಂದೇ ಕಡೆ ಸಾಕಾಯಿತು.

ಕರ್ನಲ್‌ನ ಹೊರಗೆ ಉಳಿದಿರುವ ಹಳೆಯ ಡ್ರೈವರ್‌ಗಳನ್ನು ಪರಿಷ್ಕರಿಸುವವರಿಗೆ ಎರಡು ಮಾತು. ವರ್ಕ್‌ಕ್ಯೂ ತೆಗೆದಾಗ ಲಾಕನ್ನೂ ತೆಗೆಯಬೇಡಿ. ಪಿಸಿಎ9633ರಂತೆ ನಾಲ್ಕು ದೀಪಗಳು ಒಂದು ರಿಜಿಸ್ಟರ್ ಹಂಚಿಕೊಂಡಲ್ಲಿ, ಓದಿ ಬದಲಿಸಿ ಬರೆಯುವ ಸರಣಿಗೆ ಆ ರಕ್ಷಣೆ ಡ್ರೈವರ್‌ನೊಳಗೇ ಇರಬೇಕು. ಇನ್ನು, ಬಸ್ ಕೊಟ್ಟ ದೋಷ ಸಂಖ್ಯೆಯನ್ನು ನುಂಗಿ ಸೊನ್ನೆ ಹಿಂತಿರುಗಿಸುವ ಪರಿಷ್ಕರಣೆ ಅರ್ಧ ಮಾತ್ರ. ‘ಬ್ರೈಟ್‌ನೆಸ್’ ಫೈಲಿಗೆ ಬರೆದ ಪ್ರೋಗ್ರಾಂಗೆ ಈ ಸೋಲು ಇಂದಿಗೂ ತಿಳಿಯುವುದಿಲ್ಲ, ಅದರ ಬರಹ ಯಶಸ್ವಿಯೆಂದೇ ಮುಗಿಯುತ್ತದೆ. ಹಾಗಾಗಿ ಪರೀಕ್ಷೆಯನ್ನು ಲಾಗ್‌ನಲ್ಲೇ ಮಾಡಬೇಕು: ಹಾರ್ಟ್‌ಬೀಟ್ ಟ್ರಿಗರ್ ಹಾಕಿ, ಪರೀಕ್ಷಾ ಬೋರ್ಡ್‌ನಲ್ಲಿ ಆ ಚಿಪ್‌ನ ವಿದ್ಯುತ್ತನ್ನಷ್ಟೇ ಕಡಿದು, ಪ್ರತಿ ಮಿಡಿತಕ್ಕೂ ದೋಷದ ಸಾಲು ಬೀಳುತ್ತದೆಯೇ ಎಂದು ನೋಡಬೇಕು.